ಆಟಿಸಂ ಇರುವ ಮಗುವಿನ ಊಟ: ಬೇಡ ಎನ್ನುವುದರ ಕಾರಣ, ಕೊರತೆಯ ಲೆಕ್ಕ, ಹೊಸ ರುಚಿಯ ಹೆಜ್ಜೆಗಳು

ಆಟಿಸಂಗೆಂದೇ ಬೇರೆ ಪೌಷ್ಟಿಕಾಂಶದ ಪಟ್ಟಿ ಇಲ್ಲ. ಅದೇ ವಯಸ್ಸಿನ ಉಳಿದ ಮಕ್ಕಳಿಗೆ ಬೇಕಾದದ್ದೇ ಈ ಮಗುವಿಗೂ ಬೇಕು. ತೊಡಕಿರುವುದು ಅದನ್ನು ಹೊಟ್ಟೆಗೆ ಸೇರಿಸುವುದರಲ್ಲಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2013ರ ಒಂದು ವಿಶ್ಲೇಷಣೆಯ ಪ್ರಕಾರ, ಈ ಮಕ್ಕಳಲ್ಲಿ ಊಟದ ತೊಂದರೆಯ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚು. ಕ್ಯಾಲ್ಸಿಯಂ, ಪ್ರೋಟೀನ್ ಸೇವನೆ ಕಡಿಮೆ. ತೂಕ ಸರಿಯಿದೆ ಎಂದು ನಿಶ್ಚಿಂತರಾಗುವಂತಿಲ್ಲ. ಬಿಸ್ಕತ್ತು, ಚಿಪ್ಸ್‌ಗಳಿಂದಲೂ ತೂಕ ಏರುತ್ತದೆ, ಸಿ ವಿಟಮಿನ್ ಮಾತ್ರ ಸಿಗುವುದಿಲ್ಲ. ಹೀಗೆ ಸ್ಕರ್ವಿ (ಸಿ ವಿಟಮಿನ್ ಕೊರತೆಯ ಕಾಯಿಲೆ) ಬಂದ ಮಕ್ಕಳ ವರದಿಗಳು ವೈದ್ಯಕೀಯ ಸಾಹಿತ್ಯದಲ್ಲಿ ಸಾಕಷ್ಟಿವೆ. ಮಗು ಕುಂಟುತ್ತದೆ, ನಡೆಯಲು ಒಲ್ಲೆ ಎನ್ನುತ್ತದೆ. ಎಲ್ಲರೂ ಕೀಲು, ನರ ಎಂದು ಹುಡುಕುತ್ತಾರೆ. ಒಸಡಿನಿಂದ ರಕ್ತ ಬಂದ ಮೇಲಷ್ಟೇ ತಟ್ಟೆಯತ್ತ ಗಮನ ಹೋಗುತ್ತದೆ. ಅಮೆರಿಕದ ಶಿಫಾರಸಿನಂತೆ 4ರಿಂದ 8 ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 25 ಮಿ.ಗ್ರಾಂ ಸಿ ವಿಟಮಿನ್, ಅಂದರೆ ಅರ್ಧ ಕಿತ್ತಳೆ!

ಮೊದಲು ಕಾರಣ

‘ಹಟ’ ಎಂದು ಬರೆದುಕೊಂಡು ಮುಂದೆ ಹೋಗಬೇಡಿ. ನೋವಿದ್ದರೂ ಮಗು ಊಟ ಬಿಡುತ್ತದೆ, ಮಾತು ಬಾರದ ಮಗು ಅದನ್ನು ಹೇಳಲಾರದು. ಹೊಟ್ಟೆಯನ್ನು ಮೇಜಿನ ಅಂಚಿಗೆ ಒತ್ತುವುದು, ಬೆನ್ನು ಬಿಲ್ಲಿನಂತೆ ಬಾಗಿಸುವುದು, ರಾತ್ರಿ ಎದ್ದು ಅಳುವುದು ಕಂಡರೆ ಹುಳಿತೇಗು, ಹಲ್ಲುನೋವು, ಮಲಬದ್ಧತೆ ಇವೆಯೇ ಎಂದು ವೈದ್ಯರಿಂದ ನೋಡಿಸಬೇಕು. ಮಲಬದ್ಧತೆಯಲ್ಲಿ ಒಂದು ಮೋಸವಿದೆ: ಒಳಗೆ ಗಟ್ಟಿ ಮಲ ಕಟ್ಟಿಕೊಂಡಿರುವಾಗ ನೀರುಮಲ ಅದರ ಪಕ್ಕದಿಂದ ಸೋರಿ ಚಡ್ಡಿ ಕೊಳೆಯಾಗುತ್ತದೆ. ಅದನ್ನು ಭೇದಿ ಎಂದುಕೊಂಡು ನಾರಿನ ಆಹಾರ ನಿಲ್ಲಿಸಿದರೆ ಸಮಸ್ಯೆ ಇಮ್ಮಡಿ. ನಾರಿಗೆ ಹಳೆಯ ಸರಳ ಲೆಕ್ಕ: ವಯಸ್ಸಿಗೆ 5 ಸೇರಿಸಿದಷ್ಟು ಗ್ರಾಂ, ಆರು ವರ್ಷಕ್ಕೆ 11. ನಿಧಾನವಾಗಿ, ನೀರಿನ ಜೊತೆಗೇ ಹೆಚ್ಚಿಸಿ. ಊಟವಾದ ಮೇಲೆ 5–10 ನಿಮಿಷ ಶೌಚಕ್ಕೆ ಕೂರಿಸುವಾಗ ಪಾದ ನೇತಾಡದಂತೆ ಕೆಳಗೆ ಮಣೆ ಇಡಿ.

ನೋವಿಲ್ಲವೆಂದು ಖಚಿತವಾದರೆ ಹದ, ವಾಸನೆ, ಬಣ್ಣ, ಬಿಸಿಯ ಕಡೆ ತಿರುಗಬೇಕು. ಮೂರು ದಿನ (ಎರಡು ಶಾಲೆಯ ದಿನ, ಒಂದು ರಜೆ) ತಿಂದದ್ದನ್ನೆಲ್ಲ ಬರೆಯಿರಿ: ಬ್ರ್ಯಾಂಡ್, ಅಳತೆ, ಉಳಿಸಿದ್ದು, ಕುಡಿದದ್ದು. ಪಟ್ಟಿ ನೋಡಿದರೆ ಸಾಮಾನ್ಯವಾಗಿ ಒಂದು ಜಾಡು ಸಿಗುತ್ತದೆ. ಎಲ್ಲವೂ ಗರಿಗರಿ, ಎಲ್ಲವೂ ತಿಳಿ ಬಣ್ಣ, ಅಥವಾ ಯಾವುದರ ಜೊತೆಗೂ ಕಲೆಸದ್ದು. ಹಣ್ಣಿಗಿಂತ ಬಿಸ್ಕತ್ತು ಗೆಲ್ಲುವುದು ಬರೀ ಸಿಹಿಯಿಂದಲ್ಲ. ಬಿಸ್ಕತ್ತು ಪ್ರತಿ ಸಲವೂ ಒಂದೇ ಥರ, ದ್ರಾಕ್ಷಿ ಒಂದು ಸಿಹಿ, ಇನ್ನೊಂದು ಹುಳಿ.

ಒಂದು ಸಲಕ್ಕೆ ಒಂದೇ ಬದಲಾವಣೆ

ಇಡೀ ವಿಷಯದ ತಿರುಳು ಇಲ್ಲಿದೆ. ಮಗು ಈಗಾಗಲೇ ತಿನ್ನುವ ವಸ್ತುವಿನಿಂದ ಹೊರಟು ಆಕಾರ, ಬಣ್ಣ, ಹದ, ರುಚಿಗಳಲ್ಲಿ ಒಂದನ್ನಷ್ಟೇ ಬದಲಿಸಬೇಕು. ಕರಿದ ಆಲೂಗಡ್ಡೆ ಕಡ್ಡಿ ಇಷ್ಟವೆನ್ನಿ. ಮೊದಲು ಅದೇ ಕಡ್ಡಿ ಬೇರೆ ದಪ್ಪದಲ್ಲಿ, ಆಮೇಲೆ ಕರಿಯುವ ಬದಲು ಓವನ್‌ನಲ್ಲಿ ಗರಿಗರಿಯಾಗಿ ಬೇಯಿಸಿದ್ದು. ಅಲ್ಲಿಂದ ಸಿಹಿಗೆಣಸಿಗೆ ಹಾರಿದರೆ ಬಣ್ಣ, ರುಚಿ ಎರಡೂ ಬದಲಾಗುತ್ತವೆ. ಬಹುಪಾಲು ಪ್ರಯತ್ನ ಮುಗ್ಗರಿಸುವುದು ಇಲ್ಲೇ. ಬೇಯಿಸಿದ ಆಲೂಗಡ್ಡೆಗೆ ಚಮಚದಷ್ಟು ಸಿಹಿಗೆಣಸು ಕಲಸಿ, ಮಗುವಿಗೆ ತಿಳಿಸಿಯೇ, ಅದೇ ಕಡ್ಡಿಯಾಕಾರದಲ್ಲಿ ಬೇಯಿಸಿ ಕೊಡಿ. ಪಾಲನ್ನು ವಾರಗಳಲ್ಲಿ ಏರಿಸಿ.

ತಿಳಿಸದೆ ಬಚ್ಚಿಟ್ಟರೆ ಏನಾಗುತ್ತದೆ? ಮಗು ಪತ್ತೆಹಚ್ಚುತ್ತದೆ, ಮತ್ತು ಇದ್ದ ಒಂದು ನಂಬಿಕೆಯ ತಿನಿಸನ್ನೂ ಬಿಟ್ಟುಬಿಡುತ್ತದೆ. ಔಷಧಿಯನ್ನು ಇಷ್ಟದ ಊಟದಲ್ಲಿ ಬೆರೆಸುವವರಿಗೂ ಇದೇ ಮಾತು.

ತಿನ್ನುವುದು ಕೊನೆಯ ಮೆಟ್ಟಿಲು. ಹೊಸ ವಸ್ತು ಮೇಜಿನ ಮೇಲಿರುವುದನ್ನು ಸಹಿಸುವುದು, ತಟ್ಟೆಗೆ ಬರುವುದು, ಮುಟ್ಟುವುದು, ಮೂಸುವುದು, ನೆಕ್ಕುವುದು, ಕಚ್ಚಿ ಉಗುಳುವುದು, ಇವೆಲ್ಲ ಮುನ್ನಡೆಯೇ. ಸಾಮಾನ್ಯ ಮಕ್ಕಳಿಗೇ 8–15 ಸಲ ಪರಿಚಯ ಬೇಕಾಗುತ್ತದೆ; ಇಲ್ಲಿ ಇನ್ನೂ ಹೆಚ್ಚು. ಬಟಾಣಿ ಗಾತ್ರ ಸಾಕು, ಪಕ್ಕದಲ್ಲಿ ಪರಿಚಿತ ತಿನಿಸು ಇರಲೇಬೇಕು. ‘ಹಸಿವಾದರೆ ತಾನೇ ತಿನ್ನುತ್ತದೆ’ ಎನ್ನುವ ಸಲಹೆ ಈ ಮಕ್ಕಳಲ್ಲಿ ಅಪಾಯಕಾರಿ. ಕೆಲವರು ನಿಜಕ್ಕೂ ತಿನ್ನುವುದಿಲ್ಲ, ಕೆಲವರಿಗೆ ಹಸಿವಿನ ಅರಿವೇ ಮಂದ. ಹಾಗೆಂದು ದಿನವಿಡೀ ಕೈಗೆ ತಿಂಡಿ ಕೊಡುವುದೂ ಬೇಡ: ಎರಡೂವರೆಯಿಂದ ಮೂರು ಗಂಟೆ ಅಂತರ, ನಡುವೆ ನೀರು ಮಾತ್ರ, ಕೂರುವುದು 20–30 ನಿಮಿಷ.

ಹಾಲಿನ ಲೆಕ್ಕ

100 ಮಿ.ಲೀ. ಹಾಲಿನಲ್ಲಿ ಸುಮಾರು 120 ಮಿ.ಗ್ರಾಂ ಕ್ಯಾಲ್ಸಿಯಂ. ಅಮೆರಿಕದ ಶಿಫಾರಸಿನಂತೆ 1–3 ವರ್ಷಕ್ಕೆ ದಿನಕ್ಕೆ 700 ಮಿ.ಗ್ರಾಂ, 4–8 ವರ್ಷಕ್ಕೆ 1000. ಆದರೆ ಹಾಲಿನಲ್ಲಿ ಕಬ್ಬಿಣ ಇಲ್ಲವೆಂದೇ ಹೇಳಬೇಕು. ಚಿಕ್ಕ ಮಗು ದಿನಕ್ಕೆ ಮುಕ್ಕಾಲು ಲೀಟರ್ ಕುಡಿದರೆ ಹೊಟ್ಟೆ ಅದರಲ್ಲೇ ತುಂಬಿ ರಕ್ತಹೀನತೆಗೆ ದಾರಿ. ಮಣ್ಣು, ಕಾಗದ, ಬಣ್ಣದ ಚೂರು ತಿನ್ನುವುದು, ನಿದ್ದೆಯಲ್ಲಿ ಕಾಲು ಒದರುವುದು ಕಂಡರೆ ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತೋರಿಸುವ ರಕ್ತಪರೀಕ್ಷೆ) ಮಾಡಿಸಲು ಕೇಳಿ; ಬಣ್ಣದ ಚೂರು ತಿನ್ನುವವರಿಗೆ ಸೀಸದ ಪರೀಕ್ಷೆಯೂ. ಜ್ವರ, ಸೋಂಕಿದ್ದಾಗ ಫೆರಿಟಿನ್ ಏರುವುದರಿಂದ ಕೊರತೆ ಮರೆಯಾಗಬಹುದು.

ಗ್ಲುಟೆನ್, ಕೇಸೀನ್ ಬಿಡಿಸುವ ಪಥ್ಯ

ಗೋಧಿಯ ಗ್ಲುಟೆನ್, ಹಾಲಿನ ಕೇಸೀನ್ ಎಂಬ ಪ್ರೋಟೀನ್‌ಗಳು ಅರ್ಧ ಜೀರ್ಣವಾಗಿ ಮೆದುಳಿನ ಮೇಲೆ ಅಫೀಮಿನಂತೆ ವರ್ತಿಸುತ್ತವೆ ಎಂಬ ಊಹೆಯಿಂದ ಬಂದದ್ದು ಈ ಪಥ್ಯ. ಆಟಿಸಂ ಲಕ್ಷಣಗಳು ಇದರಿಂದ ತಗ್ಗುತ್ತವೆ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಎರಡೇ ತಿನಿಸು ನೆಚ್ಚಿಕೊಂಡ ಮಗುವಿನಿಂದ ಅವನ್ನೇ ಕಿತ್ತುಕೊಂಡಂತಾಗುವುದು ಮಾತ್ರ ಖಚಿತ. ಸೀಲಿಯಾಕ್ ಕಾಯಿಲೆಯ (ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ) ಸಂಶಯವಿದ್ದರೆ ಗೋಧಿ ನಿಲ್ಲಿಸುವ ಮೊದಲೇ ರಕ್ತಪರೀಕ್ಷೆ ಆಗಬೇಕು. ನಿಲ್ಲಿಸಿದ ಮೇಲೆ ಫಲಿತಾಂಶ ಸುಳ್ಳಾಗಿ ‘ಇಲ್ಲ’ ಎಂದು ಬರಬಹುದು. ಅಲರ್ಜಿಗಾಗಿ ಹಾಲು ಬಿಡಲೇಬೇಕಾದರೆ ಕ್ಯಾಲ್ಸಿಯಂ ಸೇರಿಸಿದ ಸೋಯಾ ಪಾನೀಯ ಕೊಡಿ, ಪ್ರತಿ ಸಲ ಚೆನ್ನಾಗಿ ಕುಲುಕಿ, ಕ್ಯಾಲ್ಸಿಯಂ ತಳಕ್ಕಿಳಿದಿರುತ್ತದೆ. ಅಕ್ಕಿ ಪಾನೀಯದಲ್ಲಿ ಪ್ರೋಟೀನ್ ತೀರಾ ಕಡಿಮೆ.

ಎ, ಡಿ ವಿಟಮಿನ್‌ಗಳು ದೇಹದಲ್ಲಿ ಶೇಖರವಾಗುತ್ತವೆ, ಅತಿಯಾದ ಬಿ6 ನರಗಳನ್ನು ಕೆಡಿಸುತ್ತದೆ. ‘ವಿಟಮಿನ್ ತಾನೇ’ ಎಂದು ಎರಡು ಮೂರು ಡಬ್ಬಿ ಒಟ್ಟಿಗೆ ಕೊಡುವವರು ಎಲ್ಲ ಡಬ್ಬಿಗಳ ಚೀಟಿಯ ಪ್ರಮಾಣವನ್ನೂ ಕೂಡಿಸಿ ನೋಡಬೇಕು.

ಔಷಧಿ ಮತ್ತು ಹಸಿವು

ರಿಸ್ಪೆರಿಡೋನ್ (ಅತಿಯಾದ ಸಿಡಿಮಿಡಿ, ಸಿಟ್ಟಿಗೆ ಕೊಡುವ ಔಷಧಿ) ಶುರುವಾದ ಮೇಲೆ ಹಸಿವು, ತೂಕ ಬೇಗ ಏರಬಹುದು. ಶುರು ಮಾಡಿದ ದಿನದ ತೂಕ ಬರೆದಿಟ್ಟುಕೊಂಡು ತಿಂಗಳಿಗೊಮ್ಮೆ ತೂಗಿ. ಮೀಥೈಲ್‌ಫೆನಿಡೇಟ್ (ಗಮನದ ಕೊರತೆ, ಅತಿಚಟುವಟಿಕೆಗೆ ಕೊಡುವ ಔಷಧಿ) ಇದಕ್ಕೆ ತದ್ವಿರುದ್ಧ, ಮಧ್ಯಾಹ್ನದ ಹಸಿವನ್ನೇ ತಿಂದುಹಾಕುತ್ತದೆ. ಅದನ್ನು ತೆಗೆದುಕೊಳ್ಳುವ ಮಗುವಿಗೆ ಬೆಳಗಿನ ತಿಂಡಿ ಮಾತ್ರೆಗೆ ಮೊದಲೇ ಹೊಟ್ಟೆ ಸೇರಲಿ, ಸಂಜೆ ಮಾತ್ರೆಯ ಪ್ರಭಾವ ಇಳಿದ ಮೇಲೆ ಇನ್ನೊಂದು ಪೂರ್ತಿ ಊಟ ಸಿದ್ಧವಿರಲಿ.