ರಿವಾಲ್ವರ್ ನಳಿಗೆ ಎಷ್ಟು ಉದ್ದ ಇರಬೇಕು? ದೋಟಿ ಹುಟ್ಟಿಸಿದ ಒಂದು ಗೊಂದಲ

ಕಾರವಾರದ ನಾಗರಿಕ ಬಂದೂಕು ತರಬೇತಿ ಮುಗಿಸಿ ಶಿರಸಿಗೆ ವಾಪಸ್ ಬಂದು ನಾಲ್ಕು ದಿನ ಆಯ್ತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಶಿಬಿರದಲ್ಲಿ ನಮ್ಮ ಕೈಗೆ ಕೊಟ್ಟಿದ್ದು ರೈಫಲ್. ಆದರೆ ನಮ್ಮ ಬ್ಯಾಚಿನ ಮೂರ್ನಾಲ್ಕು ಜನರ ಮನೆಯಲ್ಲಿ ರಿವಾಲ್ವರ್ ಲೈಸೆನ್ಸ್ ಮಾತು ನಡೆದಿದೆ. ನಮ್ಮದೂ ತೋಟದ ನಡುವಿನ ಒಂಟಿ ಮನೆ, ಅಪ್ಪನ ಹೆಸರಲ್ಲಿ ಅರ್ಜಿ ಹೋಗಿದೆ. ಯಾವ ಉದ್ದದ ನಳಿಗೆ ತಗೊಳ್ಳೋದು ಅಂತ ಓದಿ ಹೇಳುವ ಕೆಲಸ ನನಗೆ ಬಂತು. ಬ್ಯಾಚಿನ ಗೆಳೆಯರಿಗಾಗಿ ಬರೆದ ಅದರ ಟಿಪ್ಪಣಿ ಇದು. ಸುರಕ್ಷತೆಯ ನಿಯಮ, ಅರ್ಜಿ ಫಾರಂ, ಎಲ್ಲಿ ಇಡಬೇಕು ಅನ್ನೋದೆಲ್ಲ ಶಿಬಿರದಲ್ಲೇ ಕಲಿತಿದ್ದೀರಿ, ಇಲ್ಲಿ ಬಿಟ್ಟಿದ್ದೇನೆ.

ಮೊದಲು ಇಂಚಿನ ಲೆಕ್ಕ

ಹೆಚ್ಚಾಗಿ ಸಿಗೋದು 2, 3, 4 ಮತ್ತು 6 ಇಂಚು. ಮಿಲಿಮೀಟರಿನಲ್ಲಿ ಸುಮಾರು 51, 76, 102, 152.

ರಿವಾಲ್ವರ್‌ನಲ್ಲಿ ನಳಿಗೆಯ ಬಾಯಿಂದ ಸಿಲಿಂಡರಿನ ಎದುರು ನಳಿಗೆ ಮುಗಿಯುವ ತನಕ ಅಳೆಯುತ್ತಾರೆ. ತೋಟಾ (ಗುಂಡು, ಮದ್ದು ಸೇರಿದ ಕಾಡತೂಸು) ಕೂರುವ ಉರುಟು ಸಿಲಿಂಡರ್ ಈ ಲೆಕ್ಕಕ್ಕೆ ಬರಲ್ಲ. ಪಿಸ್ತೂಲಿನಲ್ಲಿ ಹಾಗಲ್ಲ. ಅಲ್ಲಿ ತೋಟಾ ಕೂರುವ ಗೂಡೂ ನಳಿಗೆಯ ಒಳಗೇ ಇದೆ, ಅದನ್ನೂ ಸೇರಿಸಿ ಅಳೆಯುತ್ತಾರೆ. .32 (ಅಂದರೆ ಗುಂಡಿನ ದಪ್ಪ ಸುಮಾರು 0.32 ಇಂಚು) ಪಿಸ್ತೂಲಿನ ತೋಟಾದ ಕೋಶ, ಅಂದರೆ ಮದ್ದು ತುಂಬಿದ ಲೋಹದ ಕೊಳವೆ, 17 ಮಿ.ಮೀ. ಉದ್ದ. 4 ಇಂಚಿನ ಪಿಸ್ತೂಲಿನ 102 ಮಿ.ಮೀ.ನಲ್ಲಿ ಅಷ್ಟು ಕಳೆದರೆ ಗುಂಡು ಓಡಲು ಉಳಿಯೋದು ಸುಮಾರು 85. ರಿವಾಲ್ವರ್‌ನಲ್ಲಿ ಪೂರ್ತಿ 102 ಗುಂಡಿಗೇ ಸಿಗುತ್ತದೆ. ಹಾಗಾಗಿ ಪಿಸ್ತೂಲಿನ 4 ಇಂಚನ್ನೂ ರಿವಾಲ್ವರಿನ 4 ಇಂಚನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ನಾನು ಒಂದು ಇಡೀ ಸಂಜೆ ಅದನ್ನೇ ಮಾಡಿದ್ದೆ, ಪಟ್ಟಿ ಪೂರಾ ಹೊಡೆದುಹಾಕಬೇಕಾಯ್ತು.

ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ, ಸಾಮಾನ್ಯವಾಗಿ 0.1 ರಿಂದ 0.2 ಮಿ.ಮೀ. ಗುಂಡು ಹಾರುವಾಗ ಅಲ್ಲಿಂದ ಬೆಂಕಿಯಂಥ ಗಾಳಿ ಪಕ್ಕಕ್ಕೆ ನುಗ್ಗುತ್ತದೆ. ನಳಿಗೆ ಎಷ್ಟೇ ಉದ್ದ ಇರಲಿ, ಬೆರಳು ಆ ಸಂದಿನ ಹತ್ತಿರ ಹೋಗಬಾರದು. ರೈಫಲ್ ಹಿಡಿದು ಅಭ್ಯಾಸ ಆದವರ ಎಡಗೈ ತನ್ನಷ್ಟಕ್ಕೆ ಮುಂದೆ ಹೋಗುತ್ತದೆ. ಇದೊಂದನ್ನು ಮಾತ್ರ ಮರೆಯಬೇಡಿ.

ನಾನು ಸಿಕ್ಕಿಬಿದ್ದ ಜಾಗ

ಉದ್ದ ನಳಿಗೆಯಾದರೆ ಗುರಿ ಚೆನ್ನಾಗಿ ಕೂರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಒಳಗೇ ಇಳಿಯಲಿಲ್ಲ. ಕಾರಣ ನಮ್ಮನೆ ದೋಟಿ.

ಅಡಿಕೆ ಕೊನೆ (ಗೊನೆ) ಕೊಯ್ಯುವ ಉದ್ದ ಕೋಲು, ಫೈಬರ್ ದೋಟಿ ಹಿಡಿದವರಿಗೆ ಗೊತ್ತು. ಬುಡದಲ್ಲಿ ಕೈ ಒಂಚೂರು ಅಲುಗಿದರೆ ಸಾಕು, ಮೇಲೆ ತುದಿ ಮೊಳದಷ್ಟು ಆಚೆ ಹೋಗುತ್ತದೆ. ದೋಟಿ ಉದ್ದ ಆದಷ್ಟೂ ತುದಿ ಜಾಸ್ತಿ ಓಲಾಡುತ್ತದೆ. ಹಾಗಾದರೆ ಉದ್ದ ನಳಿಗೆಯ ಬಾಯಿಯೂ ಜಾಸ್ತಿ ಓಲಾಡಬೇಕು, ಗುರಿ ಜಾಸ್ತಿ ತಪ್ಪಬೇಕು, ಅಲ್ವಾ? ಶಿಬಿರದಲ್ಲಿ ಇದನ್ನೇ ಕೇಳಿದೆ. ನಮಗೆ ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಹಿರಿಯರು. "ತಂಗಿ, ದೋಟಿಯ ತುದಿ ಅಡಿಕೆ ಕೊನೆಗೆ ತಾಗಬೇಕು. ನಳಿಗೆಯ ತುದಿ ಯಾವುದಕ್ಕೂ ತಾಗಬೇಕಾಗಿಲ್ಲ. ಗುಂಡಿಗೆ ಗೊತ್ತಿರೋದು ಕೋನ ಒಂದೇ" ಅಂದರು. ಆಗ ತಲೆ ಆಡಿಸಿದೆ. ಅರ್ಥ ಆಗಿದ್ದು ಮನೆಗೆ ಬಂದ ಮೇಲೆ.

ನಿಧಾನಕ್ಕೆ ಹೇಳ್ತೇನೆ. ಕೈ ನಡುಗಿ ರಿವಾಲ್ವರ್ ಒಂದು ಸಣ್ಣ ಕೋನದಷ್ಟು ವಾಲಿತು ಅಂದುಕೊಳ್ಳಿ. ಗುಂಡು ಆ ಕೋನದಲ್ಲೇ ಹೋಗುತ್ತದೆ. ನಳಿಗೆ 2 ಇಂಚಿರಲಿ, 6 ಇಂಚಿರಲಿ, ಕೋನ ಅದೇ ಆದರೆ ಗುರಿಯಲ್ಲಿ ಆಗುವ ತಪ್ಪೂ ಅಷ್ಟೇ. ಅಂದರೆ ಉದ್ದ ನಳಿಗೆ ಗುಂಡನ್ನು ನೆಟ್ಟಗೆ ಮಾಡೋದಿಲ್ಲ. ಬಿಗಿಯಾಗಿ ಕಟ್ಟಿಟ್ಟು ಹೊಡೆದರೆ ಗಿಡ್ಡ ನಳಿಗೆಯೂ ಚೆನ್ನಾಗೇ ಹೊಡೆಯುತ್ತದೆ. ವ್ಯತ್ಯಾಸ ಇರೋದು ನಮ್ಮ ಕಣ್ಣಿಗೆ. ಗುರಿ ನೋಡಲು ಎರಡು ಸೈಟ್ ಇವೆ, ಹಿಂದೊಂದು, ಮುಂದೊಂದು. ಇವೆರಡರ ನಡುವಿನ ದೂರ ಜಾಸ್ತಿ ಆದರೆ, ಅಷ್ಟೇ ಕೋನ ವಾಲಿದರೂ ಮುಂದಿನ ಸೈಟ್ ಜಾಸ್ತಿ ಸರಿದಂತೆ ಕಾಣುತ್ತದೆ. ತಪ್ಪು ಕಣ್ಣಿಗೆ ಬೀಳುತ್ತದೆ, ನಾವು ಸರಿ ಮಾಡಿಕೊಳ್ಳುತ್ತೇವೆ. ದೋಟಿಯಲ್ಲಿ ಕಾಟ ಕೊಡುವ ಆ ಓಲಾಟವೇ ಇಲ್ಲಿ ನಮ್ಮ ತಪ್ಪನ್ನು ತೋರಿಸಿಕೊಡುತ್ತದೆ!

ಲೆಕ್ಕ ಸರಳ. ಸೈಟಿನಲ್ಲಿ ಆದ ತಪ್ಪನ್ನು ಸೈಟುಗಳ ನಡುವಿನ ದೂರದಿಂದ ಭಾಗಿಸಿ, ಗುರಿಯ ದೂರದಿಂದ ಗುಣಿಸಿ. ಅಷ್ಟೇ.

ನಂಬಿಕೆ ಬರಲಿಲ್ಲ, ಅಂಗಳದಲ್ಲಿ ಮಾಡಿ ನೋಡಿದೆ. ಬಂದೂಕು ಬೇಕಾಗಿಲ್ಲ. ಒಂದು ಹಲಗೆಯನ್ನು ಸ್ಟೂಲಿನ ಮೇಲೆ ಅಲುಗದಂತೆ ಕಟ್ಟಿದೆ. ಸಣ್ಣ ಮರದ ತುಂಡುಗಳಿಗೆ ಒಂದೊಂದು ಗುಂಡುಪಿನ್ ಚುಚ್ಚಿ, 10 ಸೆಂ.ಮೀ. ಅಂತರದಲ್ಲಿ ಹಲಗೆಯ ಮೇಲಿಟ್ಟೆ. ಎರಡೂ ಪಿನ್ನಿನ ತಲೆ ಒಂದೇ ಸಾಲಿಗೆ ಬರುವಂತೆ ನೋಡುತ್ತಾ ನಾನು ಹೇಳಿದ ಕಡೆ, 5 ಮೀಟರ್ ಆಚೆಯ ಅಡಿಕೆ ಮರದ ಮೇಲೆ ತಮ್ಮ ಸೀಮೆಸುಣ್ಣದ ಗೆರೆ ಎಳೆದ. ಆಮೇಲೆ ಮುಂದಿನ ತುಂಡಿನ ಕೆಳಗೆ ನೋಟ್‌ಬುಕ್ಕಿನ ಐದು ಹಾಳೆ ತೂರಿಸಿದೆ, ಹತ್ತಿರಹತ್ತಿರ ಅರ್ಧ ಮಿಲಿಮೀಟರ್. ಮತ್ತೆ ಗೆರೆ. ಎರಡು ಗೆರೆಗಳ ನಡುವೆ ಎರಡೂವರೆ ಸೆಂಟಿಮೀಟರಿಗಿಂತ ಒಂಚೂರು ಜಾಸ್ತಿ ಬಂತು. ಲೆಕ್ಕ ಹೇಳೋದು 2.5. ಆಮೇಲೆ ಪಿನ್ನುಗಳನ್ನು 20 ಸೆಂ.ಮೀ. ದೂರ ಇಟ್ಟು, ಅದೇ ಐದು ಹಾಳೆಯಿಂದ ಮಾಡಿದೆ. ಈ ಸಲ ಗೆರೆಗಳ ನಡುವೆ ಕಿರುಬೆರಳಿನ ಅಗಲ, ಒಂದೂಕಾಲು ಸೆಂಟಿಮೀಟರ್. ಆಯಿ ಜಗಲಿಯಿಂದ ನೋಡಿ, "ಮರಕ್ಕೆ ಬಣ್ಣ ಬಳಿಯುವ ಕೆಲಸ ಯಾವಾಗ ಶುರು ಮಾಡಿದ್ರಿ?" ಅಂದಳು.

ಈಗ ಮುಖ್ಯ ವಿಷಯ. ಸೈಟುಗಳ ನಡುವಿನ ದೂರವೂ ನಳಿಗೆಯ ಉದ್ದವೂ ಒಂದೇ ಅಲ್ಲ. ಹಿಂದಿನ ಸೈಟ್ ಇರೋದು ಸಿಲಿಂಡರಿನ ಹಿಂದೆ, ಚೌಕಟ್ಟಿನ ಮೇಲೆ. ಹಾಗಾಗಿ ನಳಿಗೆಗೆ ಸುಮಾರು 45 ಮಿ.ಮೀ. ಕೂಡಿಸಿ. ಮಾದರಿಯಿಂದ ಮಾದರಿಗೆ ಇದು ಹೆಚ್ಚುಕಡಿಮೆ ಆಗುತ್ತದೆ. 2 ಇಂಚಿನದಕ್ಕೆ ಸುಮಾರು 96, 3 ಇಂಚಿಗೆ 121, 6 ಇಂಚಿಗೆ 197. ನಳಿಗೆ ಮೂರು ಪಟ್ಟಾದರೂ ಸೈಟಿನ ದೂರ ಎರಡು ಪಟ್ಟು ಮಾತ್ರ! 2 ಇಂಚಿನದು ಹೆದರಿಸುವಷ್ಟು ಕೆಟ್ಟದ್ದಲ್ಲ ಅಂತ ನನಗೆ ಸಮಾಧಾನ ಆಗಿದ್ದು ಇಲ್ಲಿ.

ದೂರ ಎಷ್ಟು ಅನ್ನೋದೇ ತೀರ್ಮಾನ ಮಾಡೋದು

5 ಮೀಟರಿನಲ್ಲಿ ಗಿಡ್ಡಕ್ಕೂ ಉದ್ದಕ್ಕೂ ವ್ಯತ್ಯಾಸ ಕಿರುಬೆರಳಿನ ಅಗಲ. ಲೆಕ್ಕಕ್ಕೆ ಬರಲ್ಲ. 25 ಮೀಟರಿಗೆ ಹೋದರೆ ಕಥೆ ಬೇರೆ. ಅರ್ಧ ಮಿಲಿಮೀಟರಿನ ಅದೇ ತಪ್ಪು 2 ಇಂಚಿನದರಲ್ಲಿ ಸುಮಾರು 13 ಸೆಂ.ಮೀ., 6 ಇಂಚಿನದರಲ್ಲಿ ಆರೂ ಚಿಲ್ಲರೆ. 25 ಮೀಟರ್ ಗುರಿ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 50 ಮಿ.ಮೀ., ಮುಂದಿನ ಒಂದೊಂದು ವೃತ್ತಕ್ಕೂ 50 ಕೂಡುತ್ತಾ ಹೋಗುತ್ತದೆ. ಲೆಕ್ಕ ಹಾಕಿದರೆ ಉದ್ದದ್ದು 8 ಅಂಕ ಕೊಡುವ ಕಡೆ ಗಿಡ್ಡದ್ದು 6ಕ್ಕೋ 5ಕ್ಕೋ ಇಳಿಯುತ್ತದೆ.

ಸ್ಪರ್ಧೆಯ ಆಸೆ ಇದ್ದವರು ಇದನ್ನು ಗಮನಿಸಿ. ಅಂತರರಾಷ್ಟ್ರೀಯ 25 ಮೀಟರ್ ಸೆಂಟರ್ ಫೈರ್ (ತೋಟಾದ ತಳದ ನಡುವೆ ಕಿಡಿ ಹೊತ್ತುವ ಬಗೆ) ಪಿಸ್ತೂಲ್ ವಿಭಾಗದಲ್ಲಿ ರಿವಾಲ್ವರಿಗೂ ಅವಕಾಶ ಇದೆ. ನಳಿಗೆ 153 ಮಿ.ಮೀ. ಮೀರಬಾರದು, ಸೈಟುಗಳ ನಡುವೆ 220 ಮಿ.ಮೀ. ಮೀರಬಾರದು. 6 ಇಂಚು ಅಂದರೆ 152.4. ಮಿತಿಯೊಳಗೆ ಹೇಗೆ ಕೂತಿದೆ ನೋಡಿ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಜಸ್ಪಾಲ್ ರಾಣಾ 600ಕ್ಕೆ 590 ಹೊಡೆದು ಚಿನ್ನ ಗೆದ್ದಿದ್ದು ಇದೇ ವಿಭಾಗದಲ್ಲಿ. ಆ ಅಂಕ ನೋಡಿದ ಮೇಲೆ ಅರ್ಧ ಮಿಲಿಮೀಟರ್ ನನಗೆ ಸಣ್ಣದಾಗಿ ಕಾಣುತ್ತಿಲ್ಲ.

ವೇಗ, ಭಾರ, ಉಳಿದದ್ದು

ಉದ್ದ ನಳಿಗೆಯಲ್ಲಿ ಗುಂಡಿನ ವೇಗ ಹೆಚ್ಚುತ್ತದೆ, ನಿಜ. ಇಂಚಿಗೆ ಸೆಕೆಂಡಿಗೆ 25 ರಿಂದ 50 ಅಡಿ ಅಂತ ಅಂದಾಜು ಹೇಳುತ್ತಾರೆ, ತೋಟಾ ನೋಡಿಕೊಂಡು ಬದಲಾಗುತ್ತದೆ. ನಮ್ಮಲ್ಲಿ ಸಿಗುವ .32 ಸೌಮ್ಯ ತೋಟಾ. ವೇಗಕ್ಕೋಸ್ಕರ ಉದ್ದದ್ದು ತಗೊಳ್ಳೋದರಲ್ಲಿ ಅರ್ಥ ಇಲ್ಲ ಅಂತ ನನ್ನ ಅಭಿಪ್ರಾಯ.

ಮುಂದೆ ಭಾರ ಇದ್ದರೆ ಕೈ ಕಡಿಮೆ ನಡುಗುತ್ತದೆ, ಹೊಡೆದಾಗ ಬಾಯಿ ಮೇಲಕ್ಕೆ ಹಾರೋದೂ ಕಡಿಮೆ. ಗಿಡ್ಡದರಲ್ಲಿ ಸದ್ದು, ಬೆಂಕಿಯ ಮಿಂಚು ಎರಡೂ ಜಾಸ್ತಿ. ಸೊಂಟದಲ್ಲಿ ಇಟ್ಟುಕೊಂಡು ಜೀಪಿನಲ್ಲಿ ಕೂರುವವರಿಗೆ 6 ಇಂಚು ತೊಡೆಗೆ ಒತ್ತುತ್ತದೆ.

ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರ್‌ಗಳ ಸುದ್ದಿ ನೀವೂ ಓದಿರಬಹುದು. 2014ರಲ್ಲಿ ಬಂದ ನಿರ್ಭೀಕ್ ಸುಮಾರು ಅರ್ಧ ಕೆ.ಜಿ. 2023ರಲ್ಲಿ ಬಂದ ಪ್ರಬಲ್ 700 ಗ್ರಾಂ ಆಸುಪಾಸು, ನಳಿಗೆ 76 ಮಿ.ಮೀ., 50 ಮೀಟರ್ ತನಕ ಹೊಡೆಯುತ್ತದೆ ಅಂತ ಪ್ರಚಾರ. ಗುಂಡು ಅಷ್ಟು ದೂರ ಹೋಗುತ್ತದೆ, ಸರಿ. ಆದರೆ 3 ಇಂಚಿನ ಸೈಟಿನಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ಅಲ್ಲಿ ಗೇಣು ದೂರ, 20 ಸೆಂಟಿಮೀಟರಿಗೂ ಹೆಚ್ಚು. ಈ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು.

ನಮ್ಮ ಜಗಲಿಯಿಂದ ದಣಪೆಗೆ (ಅಂಗಳದ ಬಾಗಿಲಿಗೆ) ಟೇಪ್ ಹಿಡಿದು ಅಳೆದೆ, 11 ಮೀಟರ್. ಅಷ್ಟು ದೂರಕ್ಕೆ 3 ಇಂಚಿನದರ ತಪ್ಪು ನಾಲ್ಕೂವರೆ ಸೆಂ.ಮೀ., 6 ಇಂಚಿನದರದ್ದು ಮೂರರ ಒಳಗೆ. 3 ಇಂಚು ಸಾಕು ಅಂತ ಅಪ್ಪನಿಗೆ ಹೇಳಿದ್ದೇನೆ. 2 ಇಂಚು ಬೇಡ ಅಂದಿದ್ದಕ್ಕೆ ಕಾರಣ ಗುರಿ ಅಲ್ಲ, ಖಾಲಿ ಕೋಶ ಹೊರಗೆ ತಳ್ಳುವ ಕಡ್ಡಿ. ಆ ಕಡ್ಡಿ ನಳಿಗೆಯ ಕೆಳಗೆ ಇರುತ್ತದೆ. ನಳಿಗೆ ಗಿಡ್ಡ ಆದರೆ ಅದೂ ಗಿಡ್ಡ, ಪೂರ್ತಿ ಒತ್ತಿದರೂ ಖಾಲಿ ಕೋಶ ಅರ್ಧಕ್ಕೇ ನಿಂತು ಉಗುರಿನಿಂದ ಎಳೆಯಬೇಕಾಗಬಹುದು. ಅಪ್ಪನ ಬೆರಳು ಅಡಿಕೆ ಸುಲಿದು ಸುಲಿದು ದಪ್ಪ ಆಗಿವೆ. ಅಂಗಡಿಗೆ ಹೋದಾಗ ಡಮ್ಮಿ ತೋಟಾ ಕೇಳಿ, ಆರನ್ನೂ ತುಂಬಿ, ಬಾಯಿ ಮೇಲೆ ಮಾಡಿ ಆ ಕಡ್ಡಿ ಒಂದು ಸಲ ಜೋರಾಗಿ ಒತ್ತಿ ನೋಡಬೇಕು. ಆರೂ ಬೀಳಬೇಕು.