ಯುವಿ ತಾಗಿದ ಡಿಎನ್‌ಎ: ಗಾಯ ಕಾಣುವುದು ಹೇಗೆ, ತೇಪೆ ಕಾಣುವುದು ಹೇಗೆ?

ಪ್ರಶ್ನೆ: ಯುವಿ ಕಿರಣ ಬಿದ್ದರೆ ಜೀವಕೋಶದ ಡಿಎನ್‌ಎ ಹಾಳಾಗುತ್ತದೆ, ಕೋಶವೇ ಅದನ್ನು ರಿಪೇರಿ ಮಾಡಿಕೊಳ್ಳುತ್ತದೆ ಅಂತ ಓದಿದ್ದೇನೆ. ಕಣ್ಣಿಗೇ ಕಾಣದ ಡಿಎನ್‌ಎಯಲ್ಲಿ ಏನು ಕೆಟ್ಟಿತು, ಏನು ಸರಿಹೋಯಿತು ಅಂತ ಲ್ಯಾಬಿನಲ್ಲಿ ಹೇಗೆ ಗೊತ್ತಾಗುತ್ತದೆ?

ಉತ್ತರ: ಯುವಿ ಅಂದ ಕೂಡಲೇ ಡಿಎನ್‌ಎ ಎಳೆ ಪಟ್ ಅಂತ ತುಂಡಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಮುಖ್ಯ ತೊಂದರೆ ಅದಲ್ಲ. ಡಿಎನ್‌ಎ ಎಳೆ ನಾಲ್ಕು ಬಗೆಯ 'ಅಕ್ಷರ'ಗಳ ಸಾಲು. ಒಂದೇ ಎಳೆಯಲ್ಲಿ ಅಕ್ಕಪಕ್ಕ ಕೂತ ಥೈಮೀನ್ ಎಂಬ ಎರಡು ಅಕ್ಷರಗಳು, ಕೆಲವು ಸಲ ಸೈಟೋಸೀನ್ ಎಂಬ ಅಕ್ಷರಗಳು, ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಈ ಅಂಟಿನಲ್ಲಿ ಎರಡು ಬಗೆ. ಜಾಸ್ತಿ ಆಗುವುದು ಸಿಪಿಡಿ. ಇನ್ನೊಂದಕ್ಕೆ 6-4 ಅಂತ ಹೆಸರು. ಅದು ಕಡಿಮೆ, ಆದರೆ ಎಳೆಯನ್ನು ಚೆನ್ನಾಗಿಯೇ ಸೊಟ್ಟ ಮಾಡುತ್ತದೆ.

ಈ ಅಂಟನ್ನೇ ಹುಡುಕಿ ಹಿಡಿಯುವ ಆಂಟಿಬಾಡಿಗಳಿವೆ. ಚರ್ಮದ ಕೋಶಗಳನ್ನು ಪ್ಲೇಟಿನಲ್ಲಿ ಬೆಳೆಸಿ, ಅವು ಮುಳುಗಿರುವ ಕೆಂಪು ದ್ರವವನ್ನು ತೆಗೆದು, 254 ನ್ಯಾನೋಮೀಟರ್ ದೀಪದ ಕೆಳಗೆ ಕೆಲವು ಸೆಕೆಂಡು ಇಡುತ್ತಾರೆ. ಮನೆಯ ಯುವಿ ವಾಟರ್ ಫಿಲ್ಟರ್‌ನಲ್ಲೂ ಸಾಮಾನ್ಯವಾಗಿ ಇಂಥದ್ದೇ ದೀಪ ಇರುತ್ತದೆ. ಪ್ಲೇಟಿನ ಮುಚ್ಚಳ ತೆಗೆಯುವುದನ್ನು ಮಾತ್ರ ಮರೆಯಬಾರದು. ಆ ಪ್ಲಾಸ್ಟಿಕ್ ಇಷ್ಟೂ ಯುವಿಯನ್ನು ತಡೆಯುತ್ತದೆ. ಮರೆತರೆ 'ನಮ್ಮ ಕೋಶಗಳು ಎಷ್ಟು ಗಟ್ಟಿ!' ಅಂತ ಸುಮ್ನೆ ಖುಷಿಪಡಬೇಕಾಗುತ್ತದೆ.

ಒಂದು ಪ್ಲೇಟಿನ ಕೋಶಗಳನ್ನು ಆಗಲೇ ರಾಸಾಯನಿಕ ಹಾಕಿ, ಇದ್ದ ಸ್ಥಿತಿಯಲ್ಲೇ ನಿಲ್ಲಿಸಿಬಿಡುತ್ತಾರೆ. ಉಳಿದವು 37 ಡಿಗ್ರಿಯಲ್ಲಿ ಬೇರೆ ಬೇರೆ ಹೊತ್ತು ಇರುತ್ತವೆ. ಆಮೇಲೆ ಆಸಿಡ್ ಹಾಕಿ ಜೋಡಿ ಎಳೆಗಳನ್ನು ಬಿಡಿಸುತ್ತಾರೆ, ಇಲ್ಲದಿದ್ದರೆ ಆಂಟಿಬಾಡಿಗೆ ಅಂಟು ಸಿಗುವುದಿಲ್ಲ. ಆ ಆಂಟಿಬಾಡಿಗೆ ಹೊಳೆಯುವ ಬಣ್ಣ ಕಟ್ಟಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶಕೇಂದ್ರ ಹಸಿರು ದೀಪದ ಹಾಗೆ ಬೆಳಗುತ್ತದೆ. ಮನುಷ್ಯರ ಕೋಶದಲ್ಲಿ 6-4ರ ಹೊಳಪು ಕೆಲವೇ ಗಂಟೆಗಳಲ್ಲಿ ಆರಿಹೋಗುತ್ತದೆ. ಸಿಪಿಡಿ ಮೊಂಡು, 24 ಗಂಟೆ ಕಳೆದರೂ ಸಾಕಷ್ಟು ಉಳಿದಿರುತ್ತದೆ.

ಹೊಳಪು ಇಳಿಯಿತು, ಹಾಗಾದರೆ ರಿಪೇರಿ ಆಯಿತು, ಅಲ್ವಾ? ಎಡವುವುದು ಇಲ್ಲೇ. ಕೋಶ ಒಡೆದು ಎರಡಾದರೆ ಅಂಟುಗಳು ಇಬ್ಬರಿಗೂ ಹಂಚಿಹೋಗುತ್ತವೆ. ರಿಪೇರಿಯೇ ಆಗದೆ ಹೊಳಪು ಅರ್ಧ! ಜಾಸ್ತಿ ಪೆಟ್ಟು ತಿಂದ ಕೋಶಗಳು ಸತ್ತು, ತೊಳೆಯುವಾಗ ನೀರಿನ ಜೊತೆ ಹೋಗಿಬಿಟ್ಟರೂ ಇದೇ ಕಥೆ. ನನ್ನ ಪ್ರಕಾರ ಗಾಯ ಕಡಿಮೆಯಾದದ್ದನ್ನು ಮಾತ್ರ ತೋರಿಸಿ 'ರಿಪೇರಿ' ಅನ್ನುವ ಲೆಕ್ಕ ಅರ್ಧ ಲೆಕ್ಕ. ತೇಪೆ ಹಾಕುವುದನ್ನೇ ನೋಡಬೇಕು.

ಅದಕ್ಕೂ ದಾರಿ ಇದೆ. ಕೋಶವು ಅಂಟಿದ ಜಾಗವನ್ನು ಸುಮಾರು 30 ಅಕ್ಷರದಷ್ಟು ಕತ್ತರಿಸಿ ತೆಗೆದು, ಹೊಸ ಅಕ್ಷರ ತುಂಬಿ, ಹೊಲಿಗೆ ಹಾಕುತ್ತದೆ. ತುಂಬುವ ಹೊತ್ತಿಗೆ ಗುರುತು ಹಾಕಿದ ಥೈಮಿಡಿನ್ (ಥೈಮೀನ್ ಅಕ್ಷರ ತುಂಬಲು ಬೇಕಾದ ಸಾಮಗ್ರಿ) ಕೊಟ್ಟರೆ ತೇಪೆಯೇ ಗುರುತು ಹೊತ್ತುಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಜೇಮ್ಸ್ ಕ್ಲೀವರ್ ವಿಕಿರಣ ಸೂಸುವ ಥೈಮಿಡಿನ್ ಬಳಸಿ, ಎಕ್ಸ್‌ಪಿ ಎಂಬ ಕಾಯಿಲೆಯವರ ಚರ್ಮದ ಕೋಶಗಳಲ್ಲಿ ಈ ತೇಪೆ ಸರಿಯಾಗಿ ಬೀಳುತ್ತಿಲ್ಲ ಅಂತ 1968ರಲ್ಲಿ ತೋರಿಸಿದರು. ಬಿಸಿಲಿಗೆ ಹೋದರೆ ಇವರಿಗೆ ಚಿಕ್ಕ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರುವುದು ಇದಕ್ಕೇ. ಈಗ ವಿಕಿರಣದ ಗೊಡವೆ ಬೇಡ, ಇಡಿಯು ಅನ್ನುವ ಬದಲಿ ಅಕ್ಷರ ಕೊಟ್ಟು ಅದಕ್ಕೆ ಬಣ್ಣ ಅಂಟಿಸುತ್ತಾರೆ.

ಕಾಮೆಟ್ ಪರೀಕ್ಷೆಯ ಹೆಸರು ನೀವು ಕೇಳಿರಬಹುದು. ಕೋಶವನ್ನು ಜೆಲ್‌ನಲ್ಲಿ ಹುದುಗಿಸಿ ಕರೆಂಟ್ ಹಾಯಿಸಿದರೆ ತುಂಡಾದ ಡಿಎನ್‌ಎ ಧೂಮಕೇತುವಿನ ಬಾಲದಂತೆ ಹೊರಗೆ ಚಾಚುತ್ತದೆ. ಬಾಲ ಉದ್ದ ಇದ್ದರೆ ಹಾನಿ ಜಾಸ್ತಿ ಅಂತ ಪಾಠ. ಯುವಿ ವಿಷಯದಲ್ಲಿ ಆ ಪಾಠ ಕೈಕೊಡುತ್ತದೆ. ಅಂಟು ತಾನಾಗಿ ಬಾಲ ಬಿಡುವುದಿಲ್ಲ. ಬಾಲ ಬರುವುದು ಬಹುಪಾಲು ಕೋಶದ ಕತ್ತರಿ ಆಡಿದಾಗ! ಖಾಲಿ ಜಾಗ ತುಂಬದ ಹಾಗೆ ಔಷಧಿ ಹಾಕಿ ತಡೆದರೆ, ಆರೋಗ್ಯವಾಗಿರುವ ಕೋಶದಲ್ಲಿ ಬಾಲ ಉದ್ದವಾಗುತ್ತದೆ. ಕತ್ತರಿಸಲು ಬಾರದ ಎಕ್ಸ್‌ಪಿ ಕೋಶ ಮೈತುಂಬಾ ಗಾಯ ಇದ್ದರೂ ದುಂಡಗೆ ಕೂತಿರುತ್ತದೆ. ಅದರ ಗಾಯ ಹೊರಗೆ ಬರಬೇಕಾದರೆ, ಸಿಪಿಡಿ ಇದ್ದಲ್ಲೇ ಕತ್ತರಿಸುವ ಟಿ4 ವೈರಸ್ಸಿನ ಎಂಜೈಮನ್ನು ಜೆಲ್ ಮೇಲೆ ಹಾಕಬೇಕು. ಆಗ ಅದಕ್ಕೂ ಬಾಲ ಬರುತ್ತದೆ.