‘ಪ್ರಾಣ ಕೊಟ್ಟಾದ್ರೂ ಕಾಪಾಡ್ತೀನಿ’ ಅಂತ ವೋಲ್ಟೇರ್ ಎಲ್ಲಿ ಹೇಳಿದ್ದು?

ಪ್ರಶ್ನೆ: “ನೀನು ಹೇಳೋದನ್ನ ನಾನು ಒಪ್ಪಲ್ಲ, ಆದ್ರೆ ಅದನ್ನ ಹೇಳೋ ನಿನ್ನ ಹಕ್ಕನ್ನ ಪ್ರಾಣ ಕೊಟ್ಟಾದ್ರೂ ಕಾಪಾಡ್ತೀನಿ.” ಮಗಳ ಡಿಬೇಟ್‌ಗೆ ಈ ಮಾತು ಬೇಕಿತ್ತು, ಫ್ರೆಂಚ್ ಲೇಖಕ ವೋಲ್ಟೇರ್ ಇದನ್ನ ಯಾವ ಪುಸ್ತಕದಲ್ಲಿ ಬರ್ದಿದಾನೆ?

ಯಾವ ಪುಸ್ತಕದಲ್ಲೂ ಇಲ್ಲ. ಇದನ್ನ ಬರ್ದಿದ್ದು ಈವ್ಲಿನ್ ಬಿಯಾಟ್ರಿಸ್ ಹಾಲ್ ಅನ್ನೋ ಇಂಗ್ಲಿಷ್ ಲೇಖಕಿ, ಅದೂ 1906ರಲ್ಲಿ. ವೋಲ್ಟೇರ್ ತೀರ್ಕೊಂಡಿದ್ದು 1778ರಲ್ಲಿ, ಅಂದ್ರೆ ಅಷ್ಟೊತ್ತಿಗೆ 128 ವರ್ಷ ಆಗೋಗಿತ್ತು.

ಕಥೆ ಹೀಗೆ. ಹೆಲ್ವೀಷಿಯಸ್ ಅನ್ನೋ ಫ್ರೆಂಚ್ ಚಿಂತಕ 1758ರಲ್ಲಿ ಮನುಷ್ಯನ ಮನಸ್ಸಿನ ಬಗ್ಗೆ ಒಂದು ಪುಸ್ತಕ ತಂದ, ಅದು ಧರ್ಮಕ್ಕೆ ವಿರುದ್ಧ ಅಂತ ದೊಡ್ಡ ಗಲಾಟೆ ಆಗಿ ಮುಂದಿನ ವರ್ಷ ಪ್ಯಾರಿಸ್‌ನಲ್ಲಿ ಅದನ್ನ ಸುಟ್ಟೇಬಿಟ್ರು. ವೋಲ್ಟೇರ್‌ಗೆ ಆ ಪುಸ್ತಕ ಅಷ್ಟೇನೂ ಹಿಡಿಸಿರಲಿಲ್ಲ, ಆದ್ರೂ ಬರ್ದಿದ್ದಕ್ಕೆ ಒಬ್ಬನನ್ನ ಹೀಗೆ ಕಾಡ್ತಾರಲ್ಲ ಅನ್ನೋ ಸಿಟ್ಟು. ‘ವೋಲ್ಟೇರ್‌ನ ಸ್ನೇಹಿತರು’ ಅನ್ನೋ ತನ್ನ ಪುಸ್ತಕದಲ್ಲಿ ಹಾಲ್ ಈ ಸಿಟ್ಟನ್ನೇ ಒಂದು ಸಾಲಲ್ಲಿ ಹಿಡಿದಿಟ್ಟಳು. ಆ ಸಾಲನ್ನ ಸ್ವಲ್ಪ ಹತ್ರದಿಂದ ನೋಡ್ಬೇಕು. ಮಾತು ಕೋಟ್ಸ್ ಒಳಗಿದೆ ನಿಜ, ಆದ್ರೆ ಕೋಟ್ಸ್ ಮುಗಿದ ಮೇಲೆ ‘ಅಂತ ಹೇಳಿದ’ ಅಂತ ಇಲ್ಲ, ‘ಅನ್ನೋದು ಈಗ ಅವನ ನಿಲುವಾಗಿತ್ತು’ ಅಂತಿದೆ! ಓದಿದವರು ಕೋಟ್ಸ್ ಒಳಗಿದ್ದದ್ದನ್ನಷ್ಟೇ ಎತ್ಕೊಂಡು ಹೋದ್ರು, ‘ನಿಲುವು’ ಅಲ್ಲೇ ಉಳೀತು.

ಆಮೇಲೆ 1939ರಲ್ಲಿ ಒಂದು ಪತ್ರದಲ್ಲಿ ಅವಳೇ ಒಪ್ಕೊಂಡಿದಾಳೆ, ಅದು ನನ್ನದೇ ಮಾತು, ಕೋಟ್ಸ್ ಹಾಕ್ಬಾರ್ದಿತ್ತು ಅಂತ. ನಂಗೆ ನಿಜವಾಗ್ಲೂ ಬೇಜಾರಾಗೋದು ಇಲ್ಲೇ: ಪುಸ್ತಕ ಬಂದಿದ್ದು ಎಸ್. ಜಿ. ಟ್ಯಾಲೆಂಟೈರ್ ಅನ್ನೋ ಕಾವ್ಯನಾಮದಲ್ಲಿ, ಹಾಗಾಗಿ ಮುಖಪುಟದ ಮೇಲೂ ಅವಳ ಹೆಸರಿಲ್ಲ, ಇಷ್ಟು ಚೆಂದದ ಮಾತಿನ ಕೆಳಗೂ ಇಲ್ಲ.

ಬೇರೆ ಕೋಟ್‌ಗಳನ್ನೂ ನೀವೇ ಚೆಕ್ ಮಾಡ್ಬಹುದು. ಯಾವ ಪುಸ್ತಕ, ಯಾವ ವರ್ಷ, ಯಾವ ಪುಟ ಅಂತ ಹುಡುಕಿ, ಬರೀ ಹೆಸರಷ್ಟೇ ಸಿಕ್ತಾ ಇದ್ರೆ ಅನುಮಾನ ಪಡಿ. ಗೂಗಲ್ ಬುಕ್ಸ್‌ನಲ್ಲಿ ವರ್ಷದ ಫಿಲ್ಟರ್ ಹಾಕಿ ಹಿಂದಕ್ಕೆ ಹೋಗ್ತಾ ಹೋಗಿ, ಆ ಮಾತು ಮೊದಲು ಕಾಣಿಸೋದೇ ಆ ಮನುಷ್ಯ ಸತ್ತು ನೂರು ವರ್ಷ ಆದ್ಮೇಲೆ ಅಂದ್ರೆ ಅಲ್ಲೇನೋ ಎಡವಟ್ಟಾಗಿದೆ. ಮೂಲ ಭಾಷೆಯಲ್ಲೂ ಹುಡುಕಿ, ವೋಲ್ಟೇರ್ ಬರೀತಿದ್ದಿದ್ದು ಫ್ರೆಂಚ್‌ನಲ್ಲಿ, ಈ ಮಾತು ಹುಟ್ಟಿದ್ದು ಇಂಗ್ಲಿಷ್‌ನಲ್ಲಿ.

ಮಗಳು ಡಿಬೇಟ್‌ನಲ್ಲಿ ಈ ಮಾತನ್ನ ಧಾರಾಳವಾಗಿ ಹೇಳ್ಲಿ, “ವೋಲ್ಟೇರ್ ಬಗ್ಗೆ ಈವ್ಲಿನ್ ಬಿಯಾಟ್ರಿಸ್ ಹಾಲ್ ಬರೆದ ಹಾಗೆ” ಅಂತ ಶುರು ಮಾಡ್ಲಿ.